ನೋಟ್‌ಬುಕ್ಕಿನಲ್ಲಿ ‘ನಾಟಕ’ ಎಂದು ಬರೆದಿದ್ದೆ

ಕ್ಲಿನಿಕಲ್ ಸೈಕಾಲಜಿ ಓದುತ್ತಿರುವ ನನ್ನನ್ನು ಕಳೆದ ವರ್ಷ ತರಬೇತಿಗೆಂದು ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಕ್ಕೆ ಹಾಕಿದ್ದರು. ಮೊದಲ ವಾರವೇ ಇಬ್ಬರು ಪೊಲೀಸರ ನಡುವೆ ಒಬ್ಬ ವಿಚಾರಣಾಧೀನ ಕೈದಿ ಬಂದ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಸಂಬಂಧಿಕರೊಬ್ಬರಿಗೆ ಮಚ್ಚಿನಿಂದ ಹೊಡೆದ ಆರೋಪ. ‘ಏನೂ ನೆನಪಿಲ್ಲ, ನನ್ನ ನೆನಪೇ ಹೋಗಿದೆ’ ಎನ್ನುತ್ತಿದ್ದ. ಕೋರ್ಟಿಗೆ ಬೇಕಿದ್ದದ್ದು ಎರಡು ಪ್ರಶ್ನೆಗೆ ಉತ್ತರ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಈಗ ಇದ್ದಾನೆಯೇ? ಹೊಡೆಯುವ ಹೊತ್ತಿಗೆ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದನ್ನು ಮನೋರೋಗದಿಂದಾಗಿ ಅರಿಯಲಾರದೇ ಹೋಗಿದ್ದನೇ? ಎರಡನೆಯದು ಹಿಂದೆ ಐಪಿಸಿ 84ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್‌ನಲ್ಲಿದೆ.

ನಾನು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. ಚಿಕ್ಕವನಿದ್ದಾಗ ಕಲ್ಲು ಕ್ವಾರಿಯಲ್ಲಿ ದುಡಿಯುವಾಗ ಕೂಡಿಹಾಕಿ ಹೊಡೆಯುತ್ತಿದ್ದರಂತೆ. ಬೆಳಿಗ್ಗೆ ಕೋಣೆ ಕತ್ತಲಿತ್ತು ಎಂದ, ಮಧ್ಯಾಹ್ನ ಲಾಟೀನು ಇತ್ತು ಎಂದ. ಇಬ್ಬರು ಹೊಡೆದರು ಎಂದವನು ಆಮೇಲೆ ಒಬ್ಬ ಎಂದ. ಪೆನ್ಸಿಲಿನಲ್ಲಿ ‘ನಾಟಕ’ ಎಂದು ಬರೆದು ಅಡಿಗೆರೆ ಎಳೆದೆ.

ನನ್ನ ಅನುಮಾನಕ್ಕೆ ಕಾರಣವೂ ಇತ್ತು. ಸೋಮವಾರದ ಟೆಸ್ಟ್ ತಪ್ಪಿಸಲು ಹೊಟ್ಟೆನೋವು ಬರಿಸಿಕೊಂಡವರಲ್ಲಿ ನಾನೂ ಒಬ್ಬಳು. ಅದೂ ಅಲ್ಲದೆ, ಹಿಂದಿನ ರಾತ್ರಿಯಷ್ಟೇ ನ್ಯೂಯಾರ್ಕಿನ ಮಾಫಿಯಾ ದೊರೆ ವಿನ್ಸೆಂಟ್ ಜಿಗಾಂಟೆಯ ಬಗ್ಗೆ ಓದಿದ್ದೆ. ಆತ ವರ್ಷಗಟ್ಟಲೆ ಬಾತ್‌ರೋಬ್ ತೊಟ್ಟು, ಒಬ್ಬನೇ ಗೊಣಗುತ್ತ ಬೀದಿ ಸುತ್ತಿದ. ಹೆಸರಾಂತ ಮನೋವೈದ್ಯರೇ ಕಾಯಿಲೆ ನಿಜ ಎಂದರು. 2003ರಲ್ಲಿ ವೈದ್ಯರನ್ನೆಲ್ಲ ಯಾಮಾರಿಸಿದ್ದಾಗಿ ಆತನೇ ಕೋರ್ಟಿನಲ್ಲಿ ಒಪ್ಪಿಕೊಂಡ.

ನನ್ನ ನೋಟ್‌ಬುಕ್ ನೋಡಿ ಮೇಡಂ ಬೈಯಲಿಲ್ಲ. ‘ಸುಳ್ಳು ಹೇಳೋನು ಎಷ್ಟೋ ಸಲ ಕತೆ ಬಾಯಿಪಾಠ ಮಾಡ್ಕೊಂಡು ಬರ್ತಾನಮ್ಮ. ಪೆಟ್ಟು ತಿಂದೋನ ನೆನಪು ಹರಿದ ಪೇಪರ್ ಥರ ಇರುತ್ತೆ. ಆದ್ರೆ ತಾಳೆ ಆಗ್ಲಿಲ್ಲ ಅಂತ ಅದು ಸುಳ್ಳೂ ಅಲ್ಲ, ನಿಜಾನೂ ಅಲ್ಲ. ಕಾಯಿ’ ಎಂದರು.

ಮರುದಿನ ನೆನಪಿನ ಪರೀಕ್ಷೆ. 50 ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಇಟ್ಟು, ಮೊದಲು ನೋಡಿದ್ದು ಯಾವುದು ಎಂದು ಕೇಳುತ್ತಾರೆ. ಕಷ್ಟದ ಪರೀಕ್ಷೆಯಂತೆ ಕಂಡರೂ ಬಲು ಸುಲಭ. ಕಣ್ಣು ಮುಚ್ಚಿ ಬೆರಳಿಟ್ಟರೂ ಸುಮಾರು 25 ಸರಿಯಾಗಬೇಕು. ಅದಕ್ಕಿಂತ ತೀರಾ ಕಡಿಮೆ ಬಂತೆಂದರೆ, ಸರಿ ಉತ್ತರ ಗೊತ್ತಿದ್ದೇ ತಪ್ಪಿನ ಮೇಲೆ ಬೆರಳಿಡುತ್ತಿದ್ದಾರೆ ಎಂದೇ ಅರ್ಥ. ಅವನಿಗೆ ಬಂದದ್ದು 14. ನಾನು ಗೆದ್ದವಳಂತೆ ಮೇಡಂ ಮುಖ ನೋಡಿದೆ. ಅವರು ಏನೂ ಹೇಳದೆ ರಾತ್ರಿ ಪಾಳಿಯ ಸಿಸ್ಟರ್ ಬರೆದಿಟ್ಟ ಪುಸ್ತಕ ಮುಂದಿಟ್ಟರು.

ವಾರ್ಡಿನ ಕಬ್ಬಿಣದ ಬಾಗಿಲಿಗೆ ರಾತ್ರಿ ಒಂಬತ್ತಕ್ಕೆ ಚಿಲಕ ಹಾಕುತ್ತಾರೆ. ಆ ಸದ್ದಿಗೆ ಅವನು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಮೈಯೆಲ್ಲ ಬೆವರು. ಬೆಳಗಿನ ಜಾವ ಯಾರಿಗೂ ಗೊತ್ತಾಗದಂತೆ ಎದ್ದು ಬಂದು ಹಾಸಿಗೆ ಸರಿಮಾಡಿ ಮಲಗುತ್ತಿದ್ದ. ಹತ್ತು ರಾತ್ರಿ ಸಿಸ್ಟರ್ ಇದನ್ನೇ ಬರೆದಿದ್ದರು. ನಮ್ಮೆದುರು ಅವನು ಒಮ್ಮೆಯೂ ಇದರ ಮಾತೆತ್ತಿರಲಿಲ್ಲ. ಸಹಾಯವಾದೀತು ಎಂದುಕೊಂಡ ಮರೆವನ್ನು ನಟಿಸುತ್ತಿದ್ದವನು, ನಿಜವಾದ ಭಯವನ್ನು ನಾಚಿಕೆಯಿಂದ ಬಚ್ಚಿಟ್ಟುಕೊಂಡಿದ್ದ. ನಾಟಕ ಆಡಿದ ಮಾತ್ರಕ್ಕೆ ನೋವು ಇರಬಾರದೆಂದೇನೂ ಇಲ್ಲವಲ್ಲ! ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯದಲ್ಲಿದ್ದವು.

ಕಾವಲಿಗಿದ್ದ ಕಾನ್‌ಸ್ಟೆಬಲ್ಲಿಗೆ ಬೇರೆಯದೇ ಚಿಂತೆ. ‘ಬೇಲ್ ಸಿಕ್ಕಿ ಹೊರಗೆ ಬಂದ್ರೆ ಮತ್ತೆ ಹೊಡೀತಾನಾ ಮೇಡಂ?’ ಎಂದು ಕೇಳಿದರು. ಹೌದು–ಇಲ್ಲ ಎಂದುಬಿಡುವುದು ಸುಲಭ. ಅಮೆರಿಕದ ಟೆಕ್ಸಾಸ್‌ನಲ್ಲಿ ಬೇರ್‌ಫುಟ್ ಎಂಬಾತನನ್ನು ಒಮ್ಮೆಯೂ ಪರೀಕ್ಷಿಸದ ಇಬ್ಬರು ಮನೋವೈದ್ಯರು ‘ಮುಂದೆಯೂ ಇವನು ಅಪಾಯಕಾರಿ’ ಎಂದು ಸಾಕ್ಷಿ ಹೇಳಿದ್ದರು. ಮನೋವೈದ್ಯರ ಸಂಘವೇ ಸುಪ್ರೀಂ ಕೋರ್ಟಿಗೆ, ದೂರದ ಭವಿಷ್ಯ ಕುರಿತ ಇಂಥ ಮಾತು ಮೂರರಲ್ಲಿ ಎರಡು ಸಲ ತಪ್ಪಾಗುತ್ತದೆ ಎಂದು ತಿಳಿಸಿತು. ಆದರೂ 1983ರಲ್ಲಿ ಕೋರ್ಟು ಆ ಸಾಕ್ಷ್ಯ ನಡೆಯುತ್ತದೆ ಎಂದಿತು. ಮರುವರ್ಷ ಅವನಿಗೆ ಮರಣದಂಡನೆಯಾಯಿತು.

ಈಗ ಎಚ್‌ಸಿಆರ್–20ರಂಥ ಪಟ್ಟಿಗಳಿವೆ. ಹಿಂದಿನ ಹಿಂಸೆ, ಕುಡಿತ, ಚಿಕಿತ್ಸೆ, ಮುಂದೆ ಇರುವ ಮನೆ ಎಂದು 20 ಅಂಶ ನೋಡುತ್ತಾರೆ. ಮೇಡಂ ಕಾನ್‌ಸ್ಟೆಬಲ್ಲಿಗೆ ಹೇಳಿದ್ದಿಷ್ಟು: ‘ಕುಡಿದು, ಮಾತ್ರೆ ಬಿಟ್ಟು, ಅದೇ ಜಗಳದ ಮನೆಗೆ ಹೋದ್ರೆ ಅಪಾಯ ಜಾಸ್ತಿ. ಅಣ್ಣನ ಮನೇಲಿದ್ದು ತಿಂಗಳು ತಿಂಗಳು ಇಲ್ಲಿಗೆ ಬಂದ್ರೆ ಕಡಿಮೆ.’ ಅವರಿಗೆ ಅಷ್ಟಾಗಿ ಸಮಾಧಾನವಾದಂತೆ ಕಾಣಲಿಲ್ಲ.

ವರದಿಯಲ್ಲಿ ಎರಡನ್ನೂ ಬರೆದರು, ಮರೆವಿನ ಸೋಗನ್ನೂ ಚಿಲಕದ ಭಯವನ್ನೂ. ವಿಚಾರಣೆ ಎದುರಿಸಬಲ್ಲ ಎಂದೂ ಬರೆದರು. ಹೊಣೆಗಾರ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಕೋರ್ಟಿನ ಕೆಲಸ.

ಅವನನ್ನು ವಾಪಸು ಕರೆದೊಯ್ಯುವ ದಿನ ಪಾಳಿ ಮುಗಿಸಿದ ಸಿಸ್ಟರ್ ವ್ಯಾನಿನ ತನಕ ಬಂದರು. ‘ಚಿಲಕ ಸ್ವಲ್ಪ ನಿಧಾನಕ್ಕೆ ಹಾಕಪ್ಪ’ ಎಂದರು ಕಾನ್‌ಸ್ಟೆಬಲ್ಲಿಗೆ. ಕೇಸು ಇನ್ನೂ ನಡೆಯುತ್ತಿದೆ.