ಕಿತ್ತೂರ ರಾಣಿಯ ಉಡುಪು: ಚಲಚ್ಚಿತ್ರವೂ ನಾಡಿನ ನೇಯ್ಗೆಯೂ

ಶ್ರೀ ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಎಂಬ ಚಲಚ್ಚಿತ್ರವು ೧೯೬೧ರಲ್ಲಿ ತೆರೆಗೆ ಬಂದಿತು. ಶ್ರೀಮತಿ ಬಿ. ಸರೋಜಾದೇವಿಯವರು ರಾಣಿಯಾಗಿಯೂ ಶ್ರೀ ರಾಜಕುಮಾರರು ಮಲ್ಲಸರ್ಜ ದೇಸಾಯಿಯಾಗಿಯೂ ಅಭಿನಯಿಸಿದ ಈ ಚಿತ್ರಕ್ಕೆ ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕನ್ನಡ ಚಿತ್ರಕ್ಕೆ ಸಲ್ಲುವ ಮನ್ನಣೆಯು ದೊರೆಯಿತು. ಅದರ ಕಥೆ, ಸಂಗೀತ, ಅಭಿನಯಗಳನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ಪ್ರಕೃತ ಲೇಖನದ ಉದ್ದೇಶವು ಅದಲ್ಲ. ಇತಿಹಾಸದ ವ್ಯಕ್ತಿಯೊಬ್ಬಳಿಗೆ ತೆರೆಯ ಮೇಲೆ ಉಡಿಸಿದ ಸೀರೆಯು ಆಕೆಯನ್ನು ನಾವು ತಿಳಿಯುವ ಬಗೆಯನ್ನೇ ಹೇಗೆ ತಿದ್ದಿಬಿಡುತ್ತದೆ ಎಂಬುದನ್ನು ಮಾತ್ರ ಇಲ್ಲಿ ವಿಚಾರಿಸಲಾಗುವುದು.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಯಾವುದೇ ಶಾಲೆಯಲ್ಲಿ ಮಕ್ಕಳಿಗೆ ಚೆನ್ನಮ್ಮನ ಚಿತ್ರವನ್ನು ಬರೆಯಿರೆಂದರೆ, ಅವರು ಕುದುರೆಯನ್ನೂ ಎತ್ತಿದ ಖಡ್ಗವನ್ನೂ ಗಾಳಿಗೆ ಹಾರುವ ಸೆರಗನ್ನೂ ಮೈತುಂಬ ಆಭರಣಗಳನ್ನೂ ಬರೆಯುವರು. ಈ ರೂಪವು ಹುಬ್ಬಳ್ಳಿ, ಬೆಳಗಾವಿಗಳ ವೃತ್ತಗಳಲ್ಲಿರುವ ಮೂರ್ತಿಗಳಿಂದಲೂ ಮನೆಮನೆಯಲ್ಲಿ ತೂಗುವ ಪಟಗಳಿಂದಲೂ ಚಲಚ್ಚಿತ್ರದಿಂದಲೂ ಬಂದುದು. ಇವೆಲ್ಲವೂ ೨೦ನೆಯ ಶತಮಾನದ ಮತ್ತು ಅದರ ಈಚಿನ ಸೃಷ್ಟಿಗಳು. ಆದರೆ ಬಹುಜನರ ಕಣ್ಣಿಗೆ ಇವೇ ದಾಖಲೆಗಳಾಗಿವೆ. ಉಪಾಧ್ಯಾಯರೂ ಇದಕ್ಕೆ ಹೊರತಲ್ಲ. ಈ ಲೇಖಕನೂ ಹೊರತಲ್ಲ. ಚೆನ್ನಮ್ಮನೆಂದೊಡನೆ ೨೦೨೫ರಲ್ಲಿ ಕಾಲವಾದ ಸರೋಜಾದೇವಿಯವರ ಮುಖವೇ ಮೊದಲು ನೆನಪಿಗೆ ಬರುವ ತಲೆಮಾರು ಒಂದುಂಟು.

ಮೊದಲು ಇತಿಹಾಸದ ಎಳೆಯನ್ನು ಸಂಕ್ಷೇಪವಾಗಿ ಹಿಡಿಯೋಣ. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮನು ಮಲ್ಲಸರ್ಜನ ಕಿರಿಯ ರಾಣಿ, ರುದ್ರಮ್ಮನು ಹಿರಿಯಳು. ಎರಡನೆಯ ಬಾಜೀರಾವ ಪೇಶವೆಯು ಮಲ್ಲಸರ್ಜನನ್ನು ಪುಣೆಗೆ ಒಯ್ದು ಇರಿಸಿಕೊಂಡನು. ಅಲ್ಲಿಂದ ಬಿಡುಗಡೆ ಹೊಂದಿ ಹಿಂದಿರುಗುವ ಕಾಲಕ್ಕೆ ರೋಗಗ್ರಸ್ತನಾಗಿ ದೇಸಾಯಿಯು ೧೮೧೬ರಲ್ಲಿ ತೀರಿಕೊಂಡನು. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ೧೮೨೪ರ ಸಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮರಣಹೊಂದಿದನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಾನ್ಯಮಾಡಲಿಲ್ಲ. ೧೮೨೪ರ ಅಕ್ಟೋಬರ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಹತನಾದನು. ಡಿಸೆಂಬರ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು ೧೮೨೯ರ ಫೆಬ್ರುವರಿಯಲ್ಲಿ ಅಲ್ಲಿಯೇ ದೇಹಬಿಟ್ಟಳು.

ಈ ಮಿತಿಗಳನ್ನು ಉಡುಪಿನ ದೃಷ್ಟಿಯಿಂದ ಓದಿದರೆ ಒಂದು ಸಂಗತಿಯು ಎದ್ದುಕಾಣುತ್ತದೆ. ಕಾಳಗದ ಹೊತ್ತಿಗೆ ಚೆನ್ನಮ್ಮನು ವಿಧವೆಯಾಗಿ ಎಂಟು ವರ್ಷಗಳಾಗಿದ್ದುವು. ಅರಮನೆಯಲ್ಲಿ ಮತ್ತೊಬ್ಬಳು ತರುಣ ವಿಧವೆ, ಶಿವಲಿಂಗರುದ್ರಸರ್ಜನ ಪತ್ನಿ ವೀರವ್ವ, ಇದ್ದಳು. ಯುದ್ಧಕ್ಕೆ ಕಾರಣವಾದುದೂ ಗಂಡಸಿನ ಆಳಿಕೆಯಿಲ್ಲದ ಮನೆಯು ತನ್ನ ವಾರಸುದಾರನನ್ನು ತಾನೇ ನಿಶ್ಚಯಿಸಬಹುದೇ ಎಂಬ ಪ್ರಶ್ನೆಯೇ. ಹೀಗಿರುವಾಗ ಚಿತ್ರಕಾರನು ರಣರಂಗದ ಚೆನ್ನಮ್ಮನಿಗೆ ಮದುವಣಗಿತ್ತಿಯ ಸೀರೆಯನ್ನುಡಿಸಿ ಮೂಗುತಿ, ಬಳೆ, ಸರಗಳನ್ನು ತೊಡಿಸಿದರೆ, ಅದು ಭಕ್ತಿಯಿಂದ ಮಾಡಿದುದೇ ಸರಿ. ಆದರೂ ಆಕೆಯ ಹೋರಾಟದ ತಿರುಳನ್ನೇ ಅರಿಯದೆ ಮುಚ್ಚಿದಂತಾಗುತ್ತದೆ. ಕಂಪನಿಯ ಅಧಿಕಾರಿಯು ಲೆಕ್ಕಕ್ಕಿಲ್ಲವೆಂದು ಬಗೆದುದು ಒಬ್ಬ ವಿಧವೆಯನ್ನು. ನೋಡುವವನ ಕಣ್ಣಿಗೆ ಈ ವಿಷಯವನ್ನು ಮುಟ್ಟಿಸಲು ಉಡುಪಿಗಿಂತ ಹತ್ತಿರದ ಸಾಧನವು ಮತ್ತೊಂದಿಲ್ಲ.

ಈ ಸೀಮೆಯ ಜನರಿಗೆ ಅಂಥ ಸಂಜ್ಞೆಯನ್ನು ಬಿಡಿಸಿ ಹೇಳಬೇಕಾದುದೂ ಇಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಯಂದು, ಜಮದಗ್ನಿಯ ಮರಣದ ಕಥೆಯನ್ನು ಅನುಸರಿಸಿ, ದೇವಿಯ ಹೆಸರಿನಲ್ಲಿ ಬಳೆ ಒಡೆಯುವ ಆಚಾರವುಂಟು. ಜನರು ಅದನ್ನು ರಂಡೆ ಹುಣ್ಣಿಮೆಯೆಂದೇ ಕರೆಯುವರು. ಮುಂದೆ ಭಾರತ ಹುಣ್ಣಿಮೆಯಂದು ಹಸಿರು ಬಳೆಗಳು ಮರಳಿ ಬರುವುವು. ಅದು ಮುತ್ತೈದೆ ಹುಣ್ಣಿಮೆ. ದೇವಿಯ ಬದುಕಿನ ಏರಿಳಿತವನ್ನು ಬಳೆಯಿಂದಲೇ ಓದಬಲ್ಲ ಪ್ರೇಕ್ಷಕರು ರಾಣಿಯ ಬರಿಗೈಯನ್ನು ನೋಡಿದೊಡನೆ ತಿಳಿದಾರು. ಚಿತ್ರಕಥೆಯಲ್ಲಿ ಮಲ್ಲಸರ್ಜನಿರುವ ಭಾಗವೂ ಅವನಿಲ್ಲದ ಭಾಗವೂ ಎರಡೂ ಇರುವುದರಿಂದ, ಇಡೀ ಚಿತ್ರದ ವೇಷಯೋಜನೆಯು ಈ ಒಂದು ತಿರುವಿನ ಮೇಲೆಯೇ ನಿಲ್ಲತಕ್ಕುದು. ಚಿತ್ರವನ್ನು ಮತ್ತೆ ನೋಡುವವರು ಯುದ್ಧದ ದೃಶ್ಯಗಳಿಗಿಂತ ಮೊದಲು ಈ ತಿರುವಿನ ಹಿಂದುಮುಂದಿನ ಸೀರೆ, ಹಣೆ, ಕೈಗಳನ್ನು ಗಮನಿಸಬೇಕೆಂದು ನನ್ನ ಬಿನ್ನಹ.

ಚಿತ್ರವು ಕಪ್ಪುಬಿಳುಪಿನದೆಂಬುದನ್ನು ಇಲ್ಲಿ ಮರೆಯಲಾಗದು. ಇದೇ ಪಂತುಲು ಅವರು ಎರಡು ವರ್ಷ ಮೊದಲು, ೧೯೫೯ರಲ್ಲಿ, ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಎಂಬ ಚಿತ್ರವನ್ನು ಬಣ್ಣದಲ್ಲಿ ತೆಗೆದಿದ್ದರು. ಅದೂ ಕಂಪನಿಗೆ ಇದಿರುನಿಂತ ಪಾಳೆಯಗಾರನ ಕಥೆಯೇ. ೧೯೭೦ರ ‘ಶ್ರೀ ಕೃಷ್ಣದೇವರಾಯ’ವನ್ನೂ ಅವರು ಬಣ್ಣದಲ್ಲಿಯೇ ತೆಗೆದರು. ಕಿತ್ತೂರಿನ ರಾಣಿಗೆ ಮಾತ್ರ ಬಣ್ಣವು ಒದಗಲಿಲ್ಲ. ಇದನ್ನು ಕೊರತೆಯೆಂದು ಎಣಿಸುವುದು ಸುಲಭ. ನನ್ನ ಅಭಿಪ್ರಾಯವು ಬೇರೆ. ಬಣ್ಣವಿಲ್ಲದ ತೆರೆಯಲ್ಲಿ ವಸ್ತ್ರವು ಬೆಳಕಿನಿಂದಲೇ ಮಾತನಾಡುತ್ತದೆ. ಜರತಾರಿಯು ಮಿಂಚುತ್ತದೆ, ಕೆಂಪು, ಹಸಿರು, ನೀಲಿಗಳು ಒಂದೇ ತೆರನಾದ ಬೂದುಬಣ್ಣಕ್ಕಿಳಿಯುತ್ತವೆ, ಬಿಳಿಯ ಬಟ್ಟೆಯು ಉಳಿದೆಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಮಿಂಚುವ ಅಂಚಿಗೂ ಮಿಂಚಿಲ್ಲದ ಅಂಚಿಗೂ ಇರುವ ಭೇದವು ಬಣ್ಣದ ಚಿತ್ರದಲ್ಲಿ ಇಷ್ಟು ತೀಕ್ಷ್ಣವಾಗಲಾರದು. ಇನ್ನೊಂದು ಲಾಭವೂ ಆಯಿತು. ಕಂಪನಿಯ ಸಿಪಾಯಿಗಳೆಲ್ಲರಿಗೂ ಕೆಂಪು ಕೋಟು ತೊಡಿಸುವುದು ನಮ್ಮ ನಾಟಕ, ಚಿತ್ರಗಳ ರೂಢಿ. ಥ್ಯಾಕರೆಯೊಡನೆ ಬಂದುದಾದರೋ ಮದರಾಸಿನ ಕುದುರೆತೋಪಿನ ದಳ. ಪದಾತಿಗೆ ಕೆಂಪು, ತೋಪಖಾನೆಗೆ ನೀಲಿ ಎಂಬುದು ಆ ಕಾಲದ ಬ್ರಿಟಿಷ್ ವಾಡಿಕೆ. ಕಪ್ಪುಬಿಳುಪಿನಲ್ಲಿ ಈ ತಪ್ಪು ಆಗಿದ್ದರೂ ಕಾಣುವಂತಿಲ್ಲ.

ಬಣ್ಣವಿಲ್ಲದುದರಿಂದ ಆದ ನಷ್ಟವೆಂದರೆ ನಮ್ಮ ನಾಡಿನ ಸೀರೆಯದು. ಇಳಕಲ್ಲ ಸೀರೆಯ ಗುರುತು ಅದರ ಕೆಂಪು ಸೆರಗು. ಒಡಲಿನ ಹಾಸು ನೂಲಿನದು, ಸೆರಗಿನ ಹಾಸು ರೇಶಿಮೆಯದು. ಎರಡರ ಎಳೆಗಳನ್ನು ಕೊಂಡಿಯಂತೆ ಒಂದರಲ್ಲೊಂದು ಸಿಕ್ಕಿಸಿ ನೇಯುವುದು ಆ ಮಗ್ಗದ ವಿಶೇಷ ಕೌಶಲ. ಸೆರಗಿನ ಬಿಳಿಯ ವಿನ್ಯಾಸಕ್ಕೆ ತೋಪತೆನಿ ಎಂದು ಹೆಸರು. ತೆನೆಯೆಂದರೆ ಜೋಳದ ತೆನೆಯೆಂದು ನಾವು ತಿಳಿಯುವುದು ಸಹಜವೇ. ಆದರೆ ಕೋಟೆಗೋಡೆಯ ನೆತ್ತಿಯ ಸಾಲಿಗೂ ತೆನೆಯೆಂಬ ಹೆಸರು ಕನ್ನಡದಲ್ಲುಂಟು. ಸೆರಗಿನ ಮೇಲೆ ಹಲ್ಲುಹಲ್ಲಾಗಿ ನಿಂತ ಆ ಆಕೃತಿಗಳನ್ನು ನೋಡುವಾಗ ನನಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುವುದು. ಶಬ್ದಶಾಸ್ತ್ರಜ್ಞರು ಇದನ್ನು ಪರಿಶೀಲಿಸಲಿ.

ಇನ್ನು ಉಡುವ ಬಗೆ. ಕುದುರೆಯ ಮೇಲೆ ರಾಣಿಯನ್ನು ಕೂರಿಸುವ ಶಿಲ್ಪಿಯೂ ಚಿತ್ರನಿರ್ದೇಶಕನೂ ಉತ್ತರಿಸಲೇಬೇಕಾದ ಪ್ರಶ್ನೆಯೊಂದಿದೆ: ಕಚ್ಚೆಯೋ, ನೆರಿಗೆಯೋ? ಬೆಳಗಾವಿ ಧಾರವಾಡಗಳ ಲಿಂಗಾಯತ ಸ್ತ್ರೀಯರು ಸೀರೆಗೆ ಕಚ್ಚೆ ಹಾಕದೆ ನೆರಿಗೆ ಹಿಡಿದು ಉಟ್ಟು ಸೆರಗನ್ನು ತಲೆಯ ಮೇಲೆ ಹೊದೆಯುವುದು ಬಹುಕಾಲದ ರೂಢಿ. ಕಚ್ಚೆಯು ಬ್ರಾಹ್ಮಣ, ಮರಾಠಾ ಮನೆಗಳದು. ಮುಂಬಯಿ ಇಲಾಖೆಯ ಹಳೆಯ ಗ್ಯಾಝೆಟಿಯರುಗಳೂ ಈ ಭೇದವನ್ನು ಗುರುತಿಸಿವೆ. ಚೆನ್ನಮ್ಮನು ಲಿಂಗಾಯತ ಮನೆತನದವಳು. ಈ ರೂಢಿಯನ್ನೇ ಹಿಡಿದು ಹೊರಟರೆ ಕಚ್ಚೆಯುಟ್ಟ ರಾಣಿಯ ಚಿತ್ರವು ತಪ್ಪೆನ್ನಬೇಕಾದೀತು. ಆದರೆ ನೆರಿಗೆಯ ಸೀರೆಯಲ್ಲಿ ಕುದುರೆಯ ಎರಡೂ ಮಗ್ಗುಲಿಗೆ ಕಾಲಿಟ್ಟು ಏರುವುದು ಸಾಧ್ಯವಾಗದು. ಅಲ್ಲದೆ ಕಿತ್ತೂರ ಸಂಸ್ಥಾನವು ಪೇಶವೆಯ ಅಧೀನದಲ್ಲಿದ್ದು ಮರಾಠಾ ದರಬಾರಿನೊಡನೆ ಬಳಕೆಯುಳ್ಳದ್ದು. ಆದುದರಿಂದ ಕಚ್ಚೆಯನ್ನು ಆರಿಸಿದವನನ್ನು ದೂಷಿಸಲಾಗದು. ಅವನು ಆರಿಸಿದುದು ಯುದ್ಧದ ಉಡುಪನ್ನು, ಮನೆಯ ಉಡುಪನ್ನಲ್ಲ ಎಂದು ಮಾತ್ರ ಪಾಠಹೇಳುವವರು ತಿಳಿದಿರಬೇಕು. ಎರಡನ್ನೂ ಅಲ್ಲಗಳೆದು ಈ ಕಾಲದ ಪಟ್ಟಣಿಗರಂತೆ ಒಳಲಂಗದ ಮೇಲೆ ಸೀರೆಯನ್ನುಡಿಸಿ, ಸೆರಗನ್ನು ಮಡಿಕೆಯಾಗಿ ಭುಜಕ್ಕೆ ಪಿನ್ನಿನಿಂದ ಚುಚ್ಚುವುದಿದೆಯಲ್ಲ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಪಿನ್ನಿಗೆ ಅಮೇರಿಕೆಯಲ್ಲಿ ಪೇಟೆಂಟ್ ದೊರೆತುದು ೧೮೪೯ರಲ್ಲಿ. ರಾಣಿಯು ತೀರಿ ಆಗ ಇಪ್ಪತ್ತು ವರ್ಷ.

ಕುಪ್ಪಸದ ಮಾತೂ ಹೀಗೆಯೇ. ಗುಳೇದಗುಡ್ಡದ ಖಣದಿಂದ ಹೊಲಿದು ಮುಂದೆ ಗಂಟುಕಟ್ಟುವ ಕುಪ್ಪಸವು ಈ ಸೀಮೆಯ ಹಳೆಯ ತೊಡಿಗೆ. ಕಸೂತಿಯ ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲೆರಡು ಬಟ್ಟೆಯ ಇಕ್ಕೆಲಗಳಲ್ಲಿಯೂ ಒಂದೇ ತೆರನಾಗಿ ಕಾಣುವುವು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯಾನೆಗಳನ್ನು ಎಳೆಯೆಣಿಸಿ ಹಾಕುವ ಈ ಕೆಲಸವು ಹತ್ತಿರದಿಂದ ನೋಡಿದವರಿಗೆ ಮಾತ್ರ ಕಾಣುವಂಥದು. ತೆರೆಯು ದೂರದ ನೋಟವನ್ನು ಬಯಸುತ್ತದೆ. ಅಂದಿನ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುದರಿಂದ ಅಲ್ಲಿಯ ವೇಷಾಗಾರಗಳಿಗೆ ಜರಿಯು ಸುಲಭ, ಕಸೂತಿಯು ದುರ್ಲಭ.

ಚಿತ್ರದವರ ಕೈಗೆ ಬಂದ ಮಾದರಿಗಳನ್ನೂ ನೆನೆಯಬೇಕು. ನಮ್ಮ ಸೀಮೆಯ ದೊಡ್ಡಾಟದಲ್ಲಿ ರಾಜನೆಂದರೆ ಕಿರೀಟ, ಭುಜಕೀರ್ತಿ, ಎದೆಕಟ್ಟು. ಸಣ್ಣಾಟದಲ್ಲಾದರೋ ಪಾತ್ರಗಳು ನಿತ್ಯದ ಉಡುಪಿನಲ್ಲಿಯೇ ಬರುತ್ತವೆ: ಧೋತರ, ರುಮಾಲು, ಇಳಕಲ್ಲ ಸೀರೆ. ಬೈಲಹೊಂಗಲ ಸೀಮೆಯದೇ ಆದ ‘ಸಂಗ್ಯಾಬಾಳ್ಯಾ’ ಸಣ್ಣಾಟದ ಗಂಗೆಯ ಪಾತ್ರವನ್ನು ಗಂಡಸು ಸೀರೆಯುಟ್ಟು ಮಾಡಿದರೂ ನೋಡುವವರಿಗೆ ಆಕೆಯು ನೆರೆಮನೆಯ ಹೆಂಗಸೇ. ಇವೆರಡರ ನಡುವೆ ವೃತ್ತಿನಾಟಕ ಕಂಪನಿಗಳು ಮಖಮಲ್ಲು, ಜರಿ, ಮುತ್ತಿನ ತುರಾಯಿಗಳ ಮೂರನೆಯ ಪದ್ಧತಿಯನ್ನು ತಂದುವು. ಐತಿಹಾಸಿಕ ಚಲಚ್ಚಿತ್ರವು ಹಿಡಿದುದು ಈ ಮೂರನೆಯದನ್ನು. ಪಂತುಲು ಅವರೂ ರಂಗಭೂಮಿಯಿಂದಲೇ ಬಂದವರು. ಸಣ್ಣಾಟದ ದಾರಿಯನ್ನು ಹಿಡಿದಿದ್ದರೆ ಚಿತ್ರವು ಅಷ್ಟು ಜನಪ್ರಿಯವಾಗುತ್ತಿತ್ತೋ ಇಲ್ಲವೋ. ಇತಿಹಾಸಕ್ಕೆ ಮಾತ್ರ ಹೆಚ್ಚು ಸಮೀಪವಾಗುತ್ತಿತ್ತೆಂದು ಹೇಳಬಹುದು.

ಸಂಗೊಳ್ಳಿ ರಾಯಣ್ಣನ ವಿಷಯದಲ್ಲಿ ಈ ತೊಡಕು ಕಡಿಮೆ. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಈ ವೀರನನ್ನು ಕುರಿತ ಲಾವಣಿಯನ್ನು ಫ್ಲೀಟ್ ಸಾಹೇಬರು ೧೯ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದ್ದರು. ೨೦೧೨ರಲ್ಲಿ ಶ್ರೀ ನಾಗಣ್ಣನವರ ನಿರ್ದೇಶನದಲ್ಲಿ ಬಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ ಶ್ರೀ ದರ್ಶನರು ರಾಯಣ್ಣನಾದರೆ, ಶ್ರೀಮತಿ ಜಯಪ್ರದಾ ಅವರು ಚೆನ್ನಮ್ಮನಾದರು. ಊರಿನ ಸೇವಕವೃತ್ತಿಯ ಕುರುಬನಿಗೆ ಕಂಬಳಿಯೇ ಹೊದಿಕೆ, ಹಾಸಿಗೆ, ಮಳೆಗೆ ಕೊಪ್ಪೆ. ಅವನಿಗೆ ಜರಿಯ ಆವಶ್ಯಕತೆಯಿಲ್ಲ. ಆದುದರಿಂದಲೇ ಹಳ್ಳಿಯ ವೇಷಗಾರನೂ ರಾಯಣ್ಣನನ್ನು ಸುಲಭವಾಗಿ ಸಿಂಗರಿಸಬಲ್ಲನು.

ಸಮೀಪದ ಕೊಲ್ಹಾಪುರದಲ್ಲಿ ಹುಟ್ಟಿದ ಶ್ರೀಮತಿ ಭಾನು ಅಥೈಯಾ ಅವರಿಗೆ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ, ಜಾನ್ ಮೊಲ್ಲೋ ಅವರೊಡನೆ, ೧೯೮೩ರಲ್ಲಿ ಆಸ್ಕರ್ ಪಾರಿತೋಷಕವು ದೊರೆಯಿತು. ಭಾರತೀಯರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಆ ಚಿತ್ರದ ನಾಯಕನಿಗೆ ಬದುಕಿನ ಮೊದಲ ಭಾಗದಲ್ಲಿ ಸೂಟು, ಕೊನೆಯಲ್ಲಿ ಒಂದು ತುಂಡು ಖಾದಿ. ಉಡುಪಿನ ಬದಲಾವಣೆಯೇ ಅಲ್ಲಿ ಕಥೆಯ ಬೆನ್ನೆಲುಬು. ಮಲ್ಲಸರ್ಜನ ರಾಣಿಯಿಂದ ಬೈಲಹೊಂಗಲದ ಸೆರೆಯಾಳಿನವರೆಗೆ ಸಾಗುವ ಚೆನ್ನಮ್ಮನ ಕಥೆಗೂ ಅಂಥ ಬೆನ್ನೆಲುಬು ಸಿದ್ಧವಾಗಿಯೇ ಇದೆ.

ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ ೨೩ರಿಂದ ಉತ್ಸವವು ನಡೆಯುತ್ತದೆ. ೨೦೨೪ರಲ್ಲಿ ವಿಜಯದ ಇನ್ನೂರನೆಯ ವರ್ಷವೂ ಸಂದಿತು. ರಾಣಿಯ ವೇಷದ ಹುಡುಗಿಯರಿಗೆ ಪೇಟೆಯ ಮಿಂಚುಬಟ್ಟೆಯನ್ನು ತರುವ ಬದಲು ಅಜ್ಜಿಯ ಪೆಟ್ಟಿಗೆಯನ್ನು ತೆರೆಯಿಸುವುದು ಉಪಾಧ್ಯಾಯರಿಗೆ ಅಸಾಧ್ಯವಲ್ಲ. ರಾಮದುರ್ಗದ ಕಡೆ ಮಗ್ಗದ ಮನೆಗಳು ಇನ್ನೂ ಇವೆ. ಹುಡುಗಿಯು ಯಾವ ವರ್ಷದ ಚೆನ್ನಮ್ಮನಾಗಬೇಕು, ೧೮೧೬ಕ್ಕೆ ಮೊದಲಿನವಳೋ ಅನಂತರದವಳೋ, ಎಂಬುದನ್ನು ಮಾತ್ರ ಸೀರೆಯನ್ನು ಆರಿಸುವ ಮೊದಲು ಕೇಳಿಕೊಳ್ಳಬೇಕು.