ನೂರೈವತ್ತು ವರ್ಷ ಬಾಯಿ ಬಿಡದ ಇಪ್ಪತ್ತು ನಿಮಿಷ

ಇಷ್ಟು ದಿನ ಇದೆಲ್ಲಿತ್ತು! ಮೊದಲ ನಿಮಿಷ ಕಳೆಯುವಷ್ಟರಲ್ಲಿ ನನ್ನ ಬಾಯಿಂದ ಹೊರಟ ಮಾತು ಇದೊಂದೇ. ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ ಮೆಲ್ಲಗೆ ಏನನ್ನೋ ಕೇಳುತ್ತವೆ, ಉತ್ತರ ಬರುವ ಮೊದಲೇ ಮತ್ತೆ ಕೇಳುತ್ತವೆ. ಹೆಸರಿಗೆ ಇದು ಇ ಫ್ಲ್ಯಾಟ್ ಮೇಜರ್. ಆದರೆ ಆ ಸ್ವರದ ಮನೆಗೆ ದಾರಿಯೇ ಸಿಗುವುದಿಲ್ಲ. ಸಂಗೀತ ಸಿ ಮೈನರಿನ ನೆರಳಿಗೆ ಜಾರುತ್ತದೆ, ಏಳುತ್ತದೆ, ಇನ್ನೊಂದು ಕಡೆ ತಿರುಗುತ್ತದೆ. ಕೇಳುವವರ ಕಾಲ ಕೆಳಗೆ ನೆಲ ನಿಲ್ಲುವುದಿಲ್ಲ. ನಿಲ್ಲದಿದ್ದರೇ ಚೆನ್ನ ಅನ್ನಿಸಿಬಿಡುತ್ತದೆ!

ನಾಲ್ಕು ತಂತಿವಾದ್ಯಗಳ ಈ ಕ್ವಾರ್ಟೆಟ್ ಬರೆದವಳು 28 ವರ್ಷದ ಫ್ಯಾನಿ ಮೆಂಡೆಲ್ಸನ್ ಹೆನ್ಸೆಲ್. ಊರು ಬರ್ಲಿನ್, ವರ್ಷ 1834. ಅಚ್ಚಾದದ್ದು ಯಾವಾಗ ಗೊತ್ತೇ? 1988ರಲ್ಲಿ! ಲೆಕ್ಕ ಹಾಕಿ ನೋಡಿದೆ, ತಪ್ಪಾಗಿರಬೇಕೆಂದು ಮತ್ತೊಮ್ಮೆ ಹಾಕಿದೆ. 154 ವರ್ಷ.

ನಾನು ಕೇಳಿದ್ದು ಫ್ರಾನ್ಸಿನ ಎಬೆನ್ ಕ್ವಾರ್ಟೆಟ್ 2013ರಲ್ಲಿ ಹೊರತಂದ ಧ್ವನಿಮುದ್ರಣ. ನುಡಿಸಿದವರು ಪಿಯರ್ ಕೊಲೊಂಬೆ, ಗೇಬ್ರಿಯಲ್ ಲ ಮಗಾದ್ಯೂರ್, ಮಾಥ್ಯೂ ಹರ್ಜೋಗ್, ರಫಾಯೆಲ್ ಮೆರ್ಲಾನ್. ಎಬೆನ್ ಅಂದರೆ ಫ್ರೆಂಚಿನಲ್ಲಿ ಎಬೊನಿ ಮರ. ಪಿಟೀಲಿನ ಮೇಲೆ ಬೆರಳು ಓಡಾಡುವ ಆ ಕಪ್ಪು ಪಟ್ಟಿಯನ್ನು ಮಾಡುವುದು ಅದರಿಂದಲೇ. ಜಾಝ್, ಸಿನಿಮಾ ಹಾಡುಗಳನ್ನೂ ನುಡಿಸಿದ ತಂಡ ಇದು. ಅದರಿಂದಲೋ ಏನೋ, ಬರೆದಿಟ್ಟ ಸ್ವರವನ್ನು ಈಗಷ್ಟೇ ಹೊಳೆದದ್ದೆಂಬಂತೆ ನುಡಿಸುತ್ತಾರೆ. ಈ ಒಂದೇ ಸಿ.ಡಿ.ಯಲ್ಲಿ ಅಕ್ಕನ ಒಂದು ಕ್ವಾರ್ಟೆಟ್, ತಮ್ಮನ ಎರಡು. ತಮ್ಮ ಯಾರು ಎಂದರೆ ಲೋಕವೆಲ್ಲ ಬಲ್ಲ ಫೆಲಿಕ್ಸ್ ಮೆಂಡೆಲ್ಸನ್!

ಆ ಮನೆಯ ಕಥೆ ಬಿಚ್ಚುತ್ತ ಹೋದಂತೆ ಸಂಗೀತದ ಒಂದೊಂದು ತಿರುವೂ ಬೇರೆಯಾಗಿ ಕೇಳತೊಡಗಿತು. ಹದಿಮೂರನೆಯ ವಯಸ್ಸಿಗೆ ಫ್ಯಾನಿ ಬಾಖ್‌ನ 24 ಪ್ರಿಲ್ಯೂಡ್‌ಗಳನ್ನು ಪುಸ್ತಕ ನೋಡದೆ ಅಪ್ಪನಿಗೆ ನುಡಿಸಿ ತೋರಿಸಿದ್ದಳು. ಎರಡು ವರ್ಷದ ನಂತರ ಅದೇ ಅಪ್ಪ ಕಾಗದ ಬರೆದ: ಫೆಲಿಕ್ಸ್‌ಗೆ ಸಂಗೀತ ಕಸುಬಾದರೂ ಆದೀತು, ನಿನಗೆ ಅದು ಒಡವೆ ಮಾತ್ರ ಎಂಬ ಅರ್ಥದಲ್ಲಿ. ಆಕೆ ಬರೆಯುವುದನ್ನು ಬಿಡಲಿಲ್ಲ. ಕೆಲವು ಹಾಡುಗಳು ತಮ್ಮನ ಹೆಸರಿನಲ್ಲೇ ಅಚ್ಚಾದವು. 1842ರಲ್ಲಿ ಲಂಡನ್ನಿನಲ್ಲಿ ರಾಣಿ ವಿಕ್ಟೋರಿಯಾ ತನಗೆ ಮೆಚ್ಚಾದ ಒಂದು ಹಾಡನ್ನು ಆರಿಸಿ ಫೆಲಿಕ್ಸ್‌ನ ಎದುರೇ ಹಾಡಿದಾಗ, ಅದು ಅಕ್ಕನದೆಂದು ಆತ ಒಪ್ಪಿಕೊಳ್ಳಬೇಕಾಯಿತು!

ಈಗ ಕ್ವಾರ್ಟೆಟ್ಟಿಗೆ ಬನ್ನಿ. ಫ್ಯಾನಿ ಅದನ್ನು ತಮ್ಮನಿಗೆ ತೋರಿಸಿದಳು. 1835ರ ಆರಂಭದಲ್ಲಿ ಆತನ ಉತ್ತರ ಬಂತು. ಇಷ್ಟವಾಯಿತು, ಆದರೆ ಸ್ವರ ಒಂದು ಕಡೆ ನಿಲ್ಲುವುದಿಲ್ಲ, ರೂಪ ಸಡಿಲ ಎಂಬುದು ಆತನ ಆಕ್ಷೇಪ. ಯಾವ ಆರಂಭ ನನ್ನ ಉಸಿರು ಹಿಡಿದಿತ್ತೋ ಅದರ ಮೇಲೇ! ಫ್ಯಾನಿ ಬರೆದ ಮರುಕಾಗದದಲ್ಲಿ ಬೇಥೋವನ್‌ನ ಕೊನೆಗಾಲದ ಕೃತಿಗಳ ಗುಂಗಿನ ಮಾತು ಬರುತ್ತದೆ, ಉದ್ದ ಕೃತಿಗೆ ಬೇಕಾದ ಕಸುವು ತನಗಿಲ್ಲ ಎಂಬ ಅಳುಕೂ ಬರುತ್ತದೆ. ಕ್ವಾರ್ಟೆಟ್ಟನ್ನು ಆಕೆ ತಿದ್ದಲಿಲ್ಲ. ಇನ್ನೊಂದನ್ನು ಬರೆಯಲೂ ಇಲ್ಲ.

ಆ ಕಸುವು ಇರಲಿಲ್ಲವೇ? ಮೂರನೆಯ ಭಾಗ ‘ರೊಮಾಂಜ’ ಕೇಳಿದವರು ಹೇಳಲಿ! ಮೊದಲು ಒಂದು ಹಾಡು, ಮಲಗುವ ಹೊತ್ತಿನಲ್ಲಿ ಯಾರೋ ತಮಗೆ ತಾವೇ ಗುನುಗಿಕೊಂಡ ಹಾಗೆ. ಆಮೇಲೆ ಆ ಗುನುಗು ಬಿಸಿಯೇರುತ್ತದೆ, ನಾಲ್ಕೂ ದನಿಗಳು ಒಂದನ್ನೊಂದು ತಳ್ಳುತ್ತ ಮೇಲಕ್ಕೇರುತ್ತವೆ, ಇನ್ನು ತಡೆಯಲಾರೆ ಅನ್ನುವ ಹೊತ್ತಿಗೆ ಮತ್ತೆ ಅದೇ ಪಿಸುಮಾತು. ನಾನು ಆ ಭಾಗವನ್ನು ಸತತ ನಾಲ್ಕು ಸಲ ಕೇಳಿದೆ. ಆಮೇಲಷ್ಟೇ ಕೊನೆಯ ಭಾಗಕ್ಕೆ ಹೋದದ್ದು. ಅದೋ, ಕಟ್ಟು ಬಿಚ್ಚಿದ ಕರುವಿನ ಓಟ!

ತಮ್ಮನ ಎ ಮೈನರ್ ಕ್ವಾರ್ಟೆಟ್ 1827ರದು. ಬೇಥೋವನ್ ತೀರಿಕೊಂಡ ವರ್ಷ. ಫೆಲಿಕ್ಸ್‌ಗೆ ಬರೀ ಹದಿನೆಂಟು. ‘ನಿಜವೇ?’ ಎಂದು ಕೇಳುವ ತನ್ನದೇ ಪ್ರೇಮಗೀತೆಯ ಎಳೆಯಿಂದ ಅದನ್ನು ನೇಯ್ದಿದ್ದಾನೆ. ಚೆಲುವಾದದ್ದು, ಜಾಣತನದ್ದು.

ಆದರೆ ಆತನ ಇನ್ನೊಂದು ಕ್ವಾರ್ಟೆಟ್, ಎಫ್ ಮೈನರ್! ಅದನ್ನು ಕೇಳುವ ಮುನ್ನ 1847 ಗೊತ್ತಿರಬೇಕು. ಮೇ 14ರಂದು ಫ್ಯಾನಿ ಬರ್ಲಿನ್ನಿನ ಮನೆಯಲ್ಲಿ ಭಾನುವಾರದ ಸಂಗೀತ ಕಛೇರಿಗೆ ತಾಲೀಮು ನಡೆಸುತ್ತಿದ್ದಳು. ಪಿಯಾನೊದ ಮುಂದೆ ಕೂತವಳ ಕೈ ಮರಗಟ್ಟಿತು, ಪಾರ್ಶ್ವವಾಯು. ಅದೇ ದಿನ ಹೋಗಿಬಿಟ್ಟಳು, 41 ವರ್ಷ. ತಾಲೀಮು ನಡೆಯುತ್ತಿದ್ದದ್ದು ತಮ್ಮನ ಕೃತಿಗೆ. ತನ್ನ ಹೆಸರಿನಲ್ಲಿ ಕೃತಿ ಅಚ್ಚು ಮಾಡಿಸತೊಡಗಿ ಆಕೆಗೆ ಇನ್ನೂ ವರ್ಷವಷ್ಟೇ ಆಗಿತ್ತು. ಸುದ್ದಿ ಕೇಳಿ ಫೆಲಿಕ್ಸ್ ಚೀರಿ ಕುಸಿದನಂತೆ. ಆ ಬೇಸಿಗೆ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ನಲ್ಲಿ ಬೆಟ್ಟಗಳ ಜಲವರ್ಣ ಬರೆಯುತ್ತ ಕೂತ. ಅಲ್ಲೇ ಹುಟ್ಟಿತು ಈ ಕ್ವಾರ್ಟೆಟ್.

ಕೆಳಸ್ಥಾಯಿಯಿಂದ ನಡುಕ ಏಳುತ್ತದೆ. ಕಮಾನುಗಳು ತಂತಿಯನ್ನು ತಿಕ್ಕುವುದಲ್ಲ, ಗೀರುತ್ತವೆ. ಅಂದಗಾರ ಫೆಲಿಕ್ಸ್, ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸುವ ಫೆಲಿಕ್ಸ್, ಇಲ್ಲಿ ಜೋಡಣೆಯನ್ನೇ ಲೆಕ್ಕಿಸದೆ ಕೂಗುತ್ತಾನೆ. ಎಬೆನ್ ತಂಡದವರು ಆ ಕೂಗಿಗೆ ಸಕ್ಕರೆ ಹಚ್ಚುವುದಿಲ್ಲ. ಎರಡನೆಯ ಭಾಗದಲ್ಲಿ ತಾಳ ತಪ್ಪಿತೇನೋ ಅನ್ನಿಸುವಂತೆ ಪೆಟ್ಟುಗಳು ಬೀಳುತ್ತವೆ. ಮೂರನೆಯ ನಿಧಾನ ಭಾಗದಲ್ಲಿ ಮಾತ್ರ ಕಣ್ಣೊರೆಸಿಕೊಳ್ಳಲು ಬಿಡುವು. ಅಲ್ಲಿ ನನಗೆ ಮತ್ತೆ ಫ್ಯಾನಿಯ ರೊಮಾಂಜ ನೆನಪಾಯಿತು! ಹೋಲಿಕೆ ಸ್ವರದಲ್ಲಿ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಅಕ್ಕನ ಸಂಗೀತವನ್ನು ಒಂದು ಕಡೆ ನಿಲ್ಲು ಎಂದು ಗದರಿಸಿದ್ದವನು, ಅಕ್ಕನಿಲ್ಲದ ಮನೆಯಲ್ಲಿ ತಾನೇ ನಿಲ್ಲಲಾರದೆ ಹೋದದ್ದು ಇಲ್ಲಿ ಕಿವಿಗೆ ಕೇಳುತ್ತದೆ.

ಅದೇ ವರ್ಷದ ನವೆಂಬರ್ 4ರಂದು ಆತನೂ ತೀರಿಕೊಂಡ. 38 ವರ್ಷ. ಬರ್ಲಿನ್ನಿನಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ.

ಪಾಶ್ಚಾತ್ಯ ಸಂಗೀತ ನಮಗಲ್ಲ ಎಂದುಕೊಂಡವರೂ ಒಂದು ಸಂಜೆ ಇದಕ್ಕೆ ಕೊಡಿ. ಮೊದಲು ಫ್ಯಾನಿ, ಆಮೇಲೆ ಎಫ್ ಮೈನರ್; ಅದೇ ಕ್ರಮದಲ್ಲಿ. ಫೋನಿನ ಸ್ಪೀಕರ್ ಬೇಡ, ಚೆಲ್ಲೊ ಸತ್ತೇಹೋಗುತ್ತದೆ. ಇಯರ್‌ಫೋನ್ ಹಾಕಿಕೊಂಡು, ದೀಪ ಆರಿಸಿ ಕೇಳಿ.