ಮೊಳಗದ ಹಾರ್ನ್: ದೋಷ ಹುಡುಕುತ್ತಾ ಕಲಿಸಬಹುದಾದ ವಿದ್ಯುನ್ಮಂಡಲ

ಹತ್ತನೆಯ ತರಗತಿಯ ಮಕ್ಕಳು ಓಮ್‌ನ ನಿಯಮವನ್ನು ಬೇಗ ಬಾಯಿಪಾಠ ಮಾಡುತ್ತಾರೆ, ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ‘ಈ ಸ್ಕೂಟರಿನ ಹಾರ್ನ್ ಏಕೆ ಮೊಳಗುತ್ತಿಲ್ಲ?’ ಎಂದು ಕೇಳಿದರೆ ‘ಹಾರ್ನ್ ಕೆಟ್ಟಿದೆ ಸರ್, ಹೊಸದು ಹಾಕಿಸಬೇಕು’ ಎನ್ನುತ್ತಾರೆ. ನಿಯಮ ಗೊತ್ತಿದ್ದೂ ಅದನ್ನು ಬಳಸಿ ಒಂದು ತೀರ್ಮಾನಕ್ಕೆ ಬರಲಾಗದಿದ್ದರೆ ಕಲಿಕೆ ಅರ್ಧಕ್ಕೇ ನಿಂತಂತೆ. ಈ ಅಂತರವನ್ನು ತುಂಬಲು ಹಾರ್ನಿನ ಮಂಡಲ ಒಳ್ಳೆಯ ಸಾಧನ.

ಪೂರ್ವಜ್ಞಾನ: ಹಾರ್ನ್ ಮೊಳಗುವ ಬಗೆ

ಸಾಮಾನ್ಯ ಹಾರ್ನಿನೊಳಗೆ ಒಂದು ವಿದ್ಯುತ್ಕಾಂತ, ತೆಳುವಾದ ಉಕ್ಕಿನ ತಗಡು ಮತ್ತು ಒಂದು ಜೊತೆ ಸಂಪರ್ಕ ಬಿಂದುಗಳಿರುತ್ತವೆ. ಪ್ರವಾಹ ಹರಿದಾಗ ವಿದ್ಯುತ್ಕಾಂತವು ತಗಡನ್ನು ಸೆಳೆಯುತ್ತದೆ. ಆ ಚಲನೆಯೇ ಬಿಂದುಗಳನ್ನು ಬೇರ್ಪಡಿಸಿ ಪ್ರವಾಹವನ್ನು ಕಡಿಯುತ್ತದೆ. ತಗಡು ಹಿಂದಕ್ಕೆ ಬಂದೊಡನೆ ಬಿಂದುಗಳು ಮತ್ತೆ ಕೂಡುತ್ತವೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಕಂಪನವೇ ನಮಗೆ ಕೇಳುವ ಸದ್ದು. ವಿದ್ಯುತ್ ಗಂಟೆಯನ್ನು ಕಲಿತ ಮಕ್ಕಳಿಗೆ ಇದು ಹೊಸದಲ್ಲ.

ಮಂಡಲವನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬಹುದು: ಬ್ಯಾಟರಿಯ ಧನ ತುದಿ, ಫ್ಯೂಸ್, ಕೀ ಸ್ವಿಚ್, ಹಾರ್ನ್ ಗುಂಡಿ, ಹಾರ್ನ್, ವಾಹನದ ಲೋಹದ ಮೈ, ಬ್ಯಾಟರಿಯ ಋಣ ತುದಿ. ಎಲ್ಲವೂ ಸರಣಿಯಲ್ಲಿವೆ. ಕೆಲವು ವಾಹನಗಳಲ್ಲಿ ಗುಂಡಿ ಹಾರ್ನಿನ ಆಚೆ, ಋಣ ತುದಿಯ ಕಡೆ ಇರುತ್ತದೆ. ಕಾರುಗಳಲ್ಲಿ ಸಾಮಾನ್ಯವಾಗಿ ನಡುವೆ ರಿಲೇ ಸೇರುತ್ತದೆ. ಮೊದಲ ಪಾಠಕ್ಕೆ ಸರಳ ಮಂಡಲವೇ ಸಾಕು.

ಹುಡುಕುವ ಕ್ರಮ

ಮೊದಲು ಉಪಕರಣವಿಲ್ಲದ ಪರೀಕ್ಷೆ. ಇಂಡಿಕೇಟರ್, ಬ್ರೇಕ್ ದೀಪ ಸರಿಯಾಗಿ ಉರಿಯುತ್ತಿವೆಯೇ? ಉರಿದರೆ ಬ್ಯಾಟರಿಯ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಬಳಿಕ ಫ್ಯೂಸ್ ನೋಡಬೇಕು.

ಅನಂತರ ಕೀ ತಿರುಗಿಸಿ, ಗುಂಡಿ ಒತ್ತಿ ಹಿಡಿದು, ಹಾರ್ನಿನ ಎರಡು ತುದಿಗಳ ನಡುವಿನ ವಿಭವಾಂತರವನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು.

1. ಸುಮಾರು 12 ವೋಲ್ಟ್ ಇದ್ದೂ ಸದ್ದಿಲ್ಲದಿದ್ದರೆ ದೋಷ ಹಾರ್ನಿನೊಳಗೇ ಇದೆ.
2. ಸೊನ್ನೆ ಬಂದರೆ ಮಂಡಲ ಬೇರೆಲ್ಲೋ ಕಡಿದಿದೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಇಟ್ಟು, ಕೆಂಪು ಕಡ್ಡಿಯನ್ನು ಗುಂಡಿಯಿಂದ ಬರುವ ತಂತಿ ಸೇರುವ ಹಾರ್ನಿನ ತುದಿಗೆ ತಾಗಿಸಬೇಕು. ಅಲ್ಲಿ 12 ವೋಲ್ಟ್ ಇದ್ದರೆ ಮೆಕ್ಯಾನಿಕ್‌ಗಳು ‘ಅರ್ತ್’ ಎನ್ನುವ ಹಿಂದಿರುಗುವ ದಾರಿ ಕಡಿದಿದೆ. ಇಲ್ಲದಿದ್ದರೆ ಗುಂಡಿ, ಕೀ ಸ್ವಿಚ್, ಫ್ಯೂಸ್ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು. ಮೊದಲು 12 ವೋಲ್ಟ್ ಸಿಕ್ಕ ಜಾಗಕ್ಕೂ ಅದಕ್ಕೆ ಹಿಂದೆ ಸೊನ್ನೆ ತೋರಿದ ಜಾಗಕ್ಕೂ ನಡುವೆ ದೋಷವಿದೆ.
3. 12ಕ್ಕಿಂತ ತೀರ ಕಡಿಮೆ ಬಂದು, ಸದ್ದೂ ಕ್ಷೀಣವಾಗಿದ್ದು, ಬ್ಯಾಟರಿ ಸರಿಯಿದ್ದರೆ ದಾರಿಯಲ್ಲಿ ಎಲ್ಲೋ ಹೆಚ್ಚುವರಿ ರೋಧವಿದೆ.

ಮಕ್ಕಳು ಎಡವುವ ಜಾಗ

ಮೂರನೆಯ ಸಂದರ್ಭವೇ ಪಾಠದ ತಿರುಳು. ಲೆಕ್ಕಕ್ಕಾಗಿ ಹಾರ್ನಿನ ರೋಧ 6 ಓಮ್ ಎಂದಿಟ್ಟುಕೊಳ್ಳೋಣ. 12 ವೋಲ್ಟ್‌ಗೆ 2 ಆಂಪೇರ್ ಹರಿಯುತ್ತದೆ. ಗುಂಡಿಯ ಸಂಪರ್ಕಕ್ಕೆ ಕಿಲುಬು ಹಿಡಿದು 2 ಓಮ್ ಸೇರಿದರೆ ಒಟ್ಟು 8 ಓಮ್. ಆಗ ಪ್ರವಾಹ 1.5 ಆಂಪೇರ್. ಕಿಲುಬಿನಲ್ಲೇ 3 ವೋಲ್ಟ್ ಕಳೆದು ಹಾರ್ನಿಗೆ 9 ವೋಲ್ಟ್ ಮಾತ್ರ ಸಿಗುತ್ತದೆ.

ಈಗ ಹಾರ್ನಿನ ತಂತಿಯನ್ನು ಬಿಚ್ಚಿ ಅದರ ತುದಿಯಲ್ಲಿ ಅಳೆದರೆ? ಮೀಟರ್ 12 ವೋಲ್ಟ್ ತೋರಿಸುತ್ತದೆ! ‘ತಂತಿ ಸರಿಯಿದೆ, ಹಾರ್ನೇ ಕೆಟ್ಟಿದೆ’ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಒಳ್ಳೆಯ ಹಾರ್ನ್ ಗುಜರಿಗೆ ಹೋಗುವುದು, ಹೊಸದು ಹಾಕಿದ ಮೇಲೂ ಸದ್ದು ಕ್ಷೀಣವಾಗಿಯೇ ಉಳಿಯುವುದು ಹೀಗೆಯೇ. ಮೀಟರಿನ ರೋಧ ಬಹಳ ಹೆಚ್ಚು, ಆದ್ದರಿಂದ ಅದರ ಮೂಲಕ ಹರಿಯುವ ಪ್ರವಾಹ ನಗಣ್ಯ. ಪ್ರವಾಹವಿಲ್ಲದಿದ್ದರೆ ಕಿಲುಬಿನಲ್ಲಿ ವಿಭವಾಂತರ ಕಳೆಯುವುದೂ ಇಲ್ಲ. ಉತ್ತರ V = IR ಸೂತ್ರದಲ್ಲೇ ಇದೆ. ಇದನ್ನು ನಾವೇ ಹೇಳಿಬಿಡದೆ, ಎರಡೂ ಅಳತೆಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ‘ವ್ಯತ್ಯಾಸ ಏಕೆ?’ ಎಂದು ಕೇಳಿ ಕಾಯಬೇಕು.

ತರಗತಿಗೆ ತರುವಾಗ

ಹಾರ್ನಿನ ಬದಲು 12 ವೋಲ್ಟ್, 21 ವ್ಯಾಟ್‌ನ ಬ್ರೇಕ್ ಬಲ್ಬ್ ಬಳಸಿದರೆ ಪಕ್ಕದ ತರಗತಿಗೆ ತೊಂದರೆಯಿಲ್ಲ, ಮೀಟರಿನ ಅಂಕಿಯೂ ಓಲಾಡದು. ಅದು ಸುಮಾರು 1.75 ಆಂಪೇರ್ ಎಳೆಯುತ್ತದೆ. ಕಿಲುಬಿನ ಬದಲಿಗೆ 2 ಓಮ್, 10 ವ್ಯಾಟ್‌ನ ರೋಧಕವನ್ನು ಸರಣಿಯಲ್ಲಿ ಜೋಡಿಸಿದರೆ ಬಲ್ಬ್ ಮಂಕಾಗುವುದು ಕಣ್ಣಿಗೇ ಕಾಣುತ್ತದೆ. ಬ್ಯಾಟರಿಯ ಧನ ತುದಿಯ ಬಳಿಯೇ 5 ಆಂಪೇರ್ ಫ್ಯೂಸ್ ಇರಲೇಬೇಕು. ಬಲ್ಬ್ ಮತ್ತು ರೋಧಕ ಬಿಸಿಯಾಗುವುದರಿಂದ ಮುಟ್ಟದಂತೆ ಎಚ್ಚರಿಸಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಗುಂಡಿ ಒತ್ತಿದಾಗ ಬ್ಯಾಟರಿಯ ಋಣ ತುದಿಗೆ ಹೋಲಿಸಿದರೆ ಹಾರ್ನಿನ ಎರಡೂ ತುದಿಗಳಲ್ಲಿ 12 ವೋಲ್ಟ್ ಇದೆ, ಸದ್ದಿಲ್ಲ. ದೋಷ ಎಲ್ಲಿದೆ, ಅದನ್ನು ಹೇಗೆ ಖಚಿತಪಡಿಸುವಿರಿ? ಉತ್ತರದ ಜೊತೆ ಕಾರಣವನ್ನೂ ಬರೆದ ವಿದ್ಯಾರ್ಥಿಗೆ ಓಮ್‌ನ ನಿಯಮ ನಿಜಕ್ಕೂ ದಕ್ಕಿದೆ ಎನ್ನಬಹುದು.